ಒಮ್ಮೆ ಸ್ಟಾರ್ಟ್ ಆಗಿ ಇನ್ನೊಮ್ಮೆ ಕೈಕೊಡುವ ಲಾರಿ: ದೋಷ ಹಿಡಿಯುವ ಬಗೆ

ಸ್ಟಾರ್ಟ್ ಆಗುವುದೇ ಇಲ್ಲ ಎಂಬ ಲಾರಿಯ ದೋಷ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಮೀಟರ್ ಹಿಡಿದು ಕೂತರೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಹತ್ತು ಸಲ ಸರಿಯಾಗಿ ಎದ್ದು ಹನ್ನೊಂದನೇ ಸಲ ಸುಮ್ಮನಾಗುವ ಲಾರಿಯೇ ಕಾಡುವುದು. ವರ್ಕ್‌ಶಾಪಿಗೆ ಬಂದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಗ ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರ್, ಕೊನೆಗೆ ಕೀ ಸ್ವಿಚ್ ಎಂದು ಒಂದೊಂದನ್ನೇ ಬದಲಿಸುತ್ತ ಹೋಗುವುದು ರೂಢಿ. ಬ್ಯಾಟರಿ ಬದಲಿಸುವಾಗ ಟರ್ಮಿನಲ್ ಬಿಚ್ಚಿ, ಒರೆಸಿ, ಮತ್ತೆ ಬಿಗಿದಿರುತ್ತಾರೆ. ಅಷ್ಟಕ್ಕೇ ದೋಷ ಕೆಲವು ವಾರ ಮರೆಯಾಗುತ್ತದೆ. ಹೊಸ ಬ್ಯಾಟರಿಯಿಂದಲೇ ಸರಿಹೋಯಿತು ಎಂಬ ತೀರ್ಮಾನ ಮಾತ್ರ ಉಳಿದುಬಿಡುತ್ತದೆ.

ಇಂಥ ದೋಷಕ್ಕೆ ಸಾಕ್ಷಿ ಇರುವುದು ಅದು ಕಾಣಿಸಿಕೊಳ್ಳುವ ಆ ಕೆಲವು ಸೆಕೆಂಡುಗಳಲ್ಲಿ ಮಾತ್ರ. ಹಾಗಾಗಿ ಮಾಡಬೇಕಾದ ಕೆಲಸ ಎರಡು. ಲಾರಿ ಯಾವ ರೀತಿ ಕೈಕೊಡುತ್ತಿದೆ ಎಂದು ಮೊದಲು ಗುರುತಿಸಬೇಕು. ಆಮೇಲೆ, ಮುಂದಿನ ಸಲ ಕೈಕೊಟ್ಟಾಗ ಯಾವ ಜಾಗದಲ್ಲಿ ವೋಲ್ಟೇಜ್ ಇತ್ತು, ಎಲ್ಲಿ ಇರಲಿಲ್ಲ ಎಂಬುದು ತಾನಾಗಿ ಗೊತ್ತಾಗುವಂತೆ ವ್ಯವಸ್ಥೆ ಮಾಡಿಟ್ಟುಕೊಳ್ಳಬೇಕು.

ಮೊದಲು ಚಾಲಕರನ್ನು ಕೇಳಿ

"ಸ್ಟಾರ್ಟ್ ಆಗಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೋಷಗಳಿರಬಹುದು. ಕೀ ತಿರುಗಿಸಿದರೆ ಸದ್ದೇ ಬರುವುದಿಲ್ಲವೇ? ಕಟ್ ಎಂದು ಒಂದೇ ಸದ್ದು ಬಂದು ನಿಲ್ಲುತ್ತದೆಯೇ, ಅಥವಾ ಟಕಟಕಟಕ ಎಂದು ಬಡಿದುಕೊಳ್ಳುತ್ತದೆಯೇ? ಎಂಜಿನ್ ಎಳೆದೆಳೆದು ನಿಧಾನವಾಗಿ ತಿರುಗುತ್ತದೆಯೇ? ಇಲ್ಲ, ಜೋರಾಗಿ ತಿರುಗಿಯೂ ಹತ್ತಿಕೊಳ್ಳುವುದಿಲ್ಲವೇ? ಮೊದಲ ಮೂರು ವಿದ್ಯುತ್ತಿನ ಕಡೆಯವು. ನಾಲ್ಕನೆಯದು ಡೀಸೆಲ್, ಸೆನ್ಸರ್ ಅಥವಾ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಡೆಯದು. ಈ ವಿಂಗಡಣೆ ಸರಿಯಾದರೆ ಅರ್ಧ ಕೆಲಸ ಮುಗಿದಂತೆಯೇ.

ಜೊತೆಗೆ ಸಂದರ್ಭವನ್ನೂ ಕೇಳಬೇಕು: ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ? ಮಳೆಯಲ್ಲಿ ನೆನೆದ ಮೇಲೋ, ಲಾರಿ ತೊಳೆದ ಮೇಲೋ? ಎರಡು ದಿನ ನಿಂತ ಮೇಲೋ? ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು? ಲಾರಿ ಇಳಿಜಾರಿನಲ್ಲಿ ನಿಂತಿತ್ತೇ? ಡೀಸೆಲ್ ಮಟ್ಟದ ಪ್ರಶ್ನೆ ವಿಚಿತ್ರವೆನಿಸಬಹುದು, ಆದರೆ ಅದರ ಉತ್ತರವೇ ಕೆಲವೊಮ್ಮೆ ನೇರವಾಗಿ ದೋಷದ ಜಾಗ ತೋರಿಸುತ್ತದೆ.

ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಲು ಚಾಲಕರಿಗೆ ಹೇಳಿಡಿ. ಇದಕ್ಕೆ ಯಾವ ಸಲಕರಣೆಯೂ ಬೇಡ. ಎಂಜಿನ್ ತಿರುಗದೆ ಲೈಟ್ ಸ್ವಲ್ಪವೂ ಮಂಕಾಗದಿದ್ದರೆ ಸೆಲ್ಫ್ ಮೋಟಾರಿಗೆ ಕರೆಂಟು ಹೋಗಿಯೇ ಇಲ್ಲ; ಕೀ ಸ್ವಿಚ್‌ನಿಂದ ಸೊಲೆನಾಯ್ಡ್‌ವರೆಗಿನ ಸಣ್ಣ ತಂತಿಗಳನ್ನೋ ಸೊಲೆನಾಯ್ಡ್ ಕಾಂಟ್ಯಾಕ್ಟನ್ನೋ ನೋಡಬೇಕು (ಸೊಲೆನಾಯ್ಡ್ ಅಂದರೆ ದಪ್ಪ ಕೇಬಲ್ಲಿನ ಕರೆಂಟನ್ನು ಸೆಲ್ಫ್ ಮೋಟಾರಿಗೆ ಬಿಡುವ ವಿದ್ಯುತ್ಕಾಂತದ ಸ್ವಿಚ್). ಲೈಟ್ ಪೂರ್ತಿ ಆರಿಹೋಗುವಷ್ಟು ಮಂಕಾದರೆ ಬ್ಯಾಟರಿ ಸೋತಿದೆ, ಅಥವಾ ಬ್ಯಾಟರಿಯ ಹತ್ತಿರದ ಜೋಡಣೆ ಕೆಟ್ಟಿದೆ.

ಕೆಲಸಕ್ಕೆ ಕೈಹಾಕುವ ಮುನ್ನ ಪಾರ್ಕಿಂಗ್ ಬ್ರೇಕ್, ನ್ಯೂಟ್ರಲ್, ಚಕ್ರಕ್ಕೆ ಅಡ್ಡಗಟ್ಟೆ, ಈ ಮೂರನ್ನೂ ಖಚಿತ ಮಾಡಿಕೊಳ್ಳಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೆಲ್ಫ್ ಹೊಡೆಸುವ ಅಭ್ಯಾಸ ಬಿಡಬೇಕು. ಗೇರಿನಲ್ಲಿರುವ ಲಾರಿ ಹಾಗೆಯೇ ಮುಂದಕ್ಕೆ ನುಗ್ಗಿ ಕೆಳಗೆ ಕೂತವರ ಮೇಲೆ ಹರಿಯುತ್ತದೆ.

ಬ್ಯಾಟರಿ: 12.6 ವೋಲ್ಟ್ ತೋರಿಸಿದರೆ ಸಾಲದು

24 ವೋಲ್ಟ್ ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳು ಸೀರೀಸ್‌ನಲ್ಲಿರುತ್ತವೆ. 12 ವೋಲ್ಟ್ ಲಾರಿಯಲ್ಲಿ ಮೂರು ನಾಲ್ಕು ಬ್ಯಾಟರಿಗಳು ಪ್ಯಾರಲಲ್‌ನಲ್ಲಿರುವುದುಂಟು. ಯಾವುದೇ ಇರಲಿ, ಒಂದೊಂದು ಬ್ಯಾಟರಿಯನ್ನೂ ಬೇರೆಬೇರೆಯಾಗಿ ಅಳೆಯಬೇಕು. ಚಾರ್ಜ್ ಆದ ತಕ್ಷಣದ ಅಳತೆ ನಂಬಲು ಬರುವುದಿಲ್ಲ. ಕೆಲವು ಗಂಟೆ ನಿಂತ ಮೇಲೆ 12.6ರಿಂದ 12.7 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.4 ಇದ್ದರೆ ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ, 12.0 ಅಂದರೆ ಕಾಲು ಭಾಗ.

ಸೀರೀಸ್‌ನ ಎರಡು ಬ್ಯಾಟರಿಗಳ ನಡುವೆ 0.2 ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ, ಯಾರಾದರೂ ಮಧ್ಯದಿಂದ 12 ವೋಲ್ಟ್ ತೆಗೆದು ಟೇಪ್ ರೆಕಾರ್ಡರ್, ಫ್ಯಾನು, ಮೊಬೈಲ್ ಚಾರ್ಜರ್ ಕೊಟ್ಟಿದ್ದಾರೆಯೇ ನೋಡಿ. ಹಾಗೆ ಮಾಡಿದರೆ ಒಂದು ಬ್ಯಾಟರಿ ದಿನವೂ ಬರಿದಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ, ಸ್ವಲ್ಪ ದಿನಕ್ಕೆ ಎರಡೂ ಹಾಳು. ಆ ವಯರನ್ನು ಕಿತ್ತು 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕದೆ ಹೊಸ ಬ್ಯಾಟರಿ ಕೂರಿಸಿದರೆ ಅದಕ್ಕೂ ಅದೇ ಗತಿ.

ಸುಮ್ಮನಿದ್ದಾಗಿನ ವೋಲ್ಟೇಜ್ ಬ್ಯಾಟರಿಯ ಶಕ್ತಿಯನ್ನು ಹೇಳುವುದಿಲ್ಲ. ಬ್ಯಾಟರಿಯ ಒಳಗೆ ಒಂದು ಸೆಲ್ಲನ್ನು ಇನ್ನೊಂದಕ್ಕೆ ಸೇರಿಸುವ ಸೀಸದ ಪಟ್ಟಿ ಬಿರುಕು ಬಿಟ್ಟಿದ್ದರೂ ಮೀಟರ್ 12.6 ತೋರಿಸುತ್ತದೆ. ಸೆಲ್ಫ್ ಹೊಡೆದ ಕ್ಷಣ ಆ ಬಿರುಕು ಬಾಯಿಬಿಟ್ಟು ಇಡೀ ಲಾರಿ ಕತ್ತಲಾಗುತ್ತದೆ. ಒಂದು ನಿಮಿಷ ಬಿಟ್ಟರೆ ಮತ್ತೆ ಎಲ್ಲ ಸರಿ. ಆಗೊಮ್ಮೆ ಈಗೊಮ್ಮೆ ಕಾಡುವ ದೋಷಗಳಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ಇದೇ. ಇದಕ್ಕೆ ಲೋಡ್ ಟೆಸ್ಟ್ ಒಂದೇ ಉತ್ತರ: ಪೂರ್ತಿ ಚಾರ್ಜ್ ಮಾಡಿ, ಬ್ಯಾಟರಿಯ ಮೇಲೆ ಬರೆದಿರುವ ಸಿಸಿಎ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಬ್ಯಾಟರಿ ಕೊಡಬಲ್ಲ ಆಂಪಿಯರ್) ಅಂಕಿಯ ಅರ್ಧದಷ್ಟು ಆಂಪಿಯರನ್ನು 15 ಸೆಕೆಂಡು ಎಳೆಯಬೇಕು. ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ. ಸೆಲ್ಲಿನಿಂದ ಸೆಲ್ಲಿಗೆ 0.050ರಷ್ಟು ವ್ಯತ್ಯಾಸ ಬಂದರೆ ಆ ಬ್ಯಾಟರಿ ಮುಗಿದಿದೆ.

ಎರಡು ದಿನ ನಿಂತ ಮೇಲೆ ಮಾತ್ರ ಸೋಲುವ ಲಾರಿಯಲ್ಲಿ ಯಾವುದೋ ಉಪಕರಣ ಕೀ ತೆಗೆದ ಮೇಲೂ ಕರೆಂಟು ಕುಡಿಯುತ್ತಿರುತ್ತದೆ. ನೆಗೆಟಿವ್ ಕೇಬಲ್‌ಗೆ ಸೂಕ್ಷ್ಮವಾದ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ, ಇಸಿಯುಗಳು ನಿದ್ರೆಗೆ ಜಾರುವವರೆಗೆ ಕಾದು, ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ನೋಡಬೇಕು. ಜಿಪಿಎಸ್ ಸಾಧನ ಮತ್ತು ಹೊರಗಿನಿಂದ ತಂದು ಜೋಡಿಸಿದ ಉಪಕರಣಗಳನ್ನೇ ಮೊದಲು ಅನುಮಾನಿಸಿ.

ದಪ್ಪ ಕೇಬಲ್‌ಗಳು: ಒಂದು ಮಿಲಿಓಮ್ ಮಾಡುವ ಹಾನಿ

ನಿಧಾನವಾಗಿ ತಿರುಗುವ ಎಂಜಿನ್ನಿಗೂ ಟಕಟಕ ಸದ್ದಿಗೂ ಬ್ಯಾಟರಿಗಿಂತ ಕೇಬಲ್ ಜೋಡಣೆಗಳೇ ಹೆಚ್ಚಾಗಿ ಕಾರಣ. ಲೆಕ್ಕ ಹಾಕಿದರೆ ಯಾಕೆಂದು ತಿಳಿಯುತ್ತದೆ. 24 ವೋಲ್ಟ್‌ನ ದೊಡ್ಡ ಎಂಜಿನ್ ತಿರುಗಿಸಲು ಸೆಲ್ಫ್ ಮೋಟಾರ್ 500 ಆಂಪಿಯರ್ ಎಳೆಯುತ್ತಿದೆ ಎನ್ನಿ. ಒಂದು ಜೋಡಣೆಯಲ್ಲಿ ಕೇವಲ 4 ಮಿಲಿಓಮ್ ತಡೆ ಇದ್ದರೂ ಅಲ್ಲೇ 2 ವೋಲ್ಟ್ ನಷ್ಟ. ಜೊತೆಗೆ 1000 ವ್ಯಾಟ್ ಶಾಖ ಆ ಒಂದು ಬೋಲ್ಟಿನಲ್ಲಿ ಹುಟ್ಟುತ್ತದೆ. ಸಾಮಾನ್ಯ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಈ 4 ಮಿಲಿಓಮ್ ಕಾಣಲಾಗದು. ಮೀಟರಿನ ವಯರುಗಳ ತಡೆಯೇ ಅದಕ್ಕಿಂತ ಹೆಚ್ಚು. ಬೀಪ್ ಸದ್ದು ಬಂದ ಮಾತ್ರಕ್ಕೆ ಕೇಬಲ್ ಸರಿಯಿದೆ ಎನ್ನುವಂತಿಲ್ಲ. ನೂರಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ.

ಸರಿಯಾದ ಕ್ರಮ ವೋಲ್ಟೇಜ್ ಡ್ರಾಪ್ ಪರೀಕ್ಷೆ. ಕೈಪಿಡಿಯಲ್ಲಿ ಹೇಳಿದಂತೆ ಇಂಧನ ತಡೆದು, ಎಂಜಿನ್ ತಿರುಗಿದರೂ ಹತ್ತಿಕೊಳ್ಳದಂತೆ ಮಾಡಿ. ಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ, ಕೆಂಪು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆಯೇ ಒತ್ತಿ. ಕ್ಲ್ಯಾಂಪಿನ ಮೇಲೆ ಇಟ್ಟರೆ ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ನಷ್ಟ ಅಳತೆಗೆ ಸಿಗುವುದೇ ಇಲ್ಲ. ಕಪ್ಪು ಮೊನೆ ಸೆಲ್ಫ್ ಮೋಟಾರಿನ ದಪ್ಪ ಸ್ಟಡ್ ಮೇಲೆ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ನೋಡಲಿ. 12 ವೋಲ್ಟ್ ಲಾರಿಯಲ್ಲಿ ಅರ್ಧ ವೋಲ್ಟ್, 24 ವೋಲ್ಟ್ ಲಾರಿಯಲ್ಲಿ ಒಂದು ವೋಲ್ಟ್ ಮೀರಿದರೆ ಆ ದಾರಿಯಲ್ಲಿ ದೋಷವಿದೆ. ಆಮೇಲೆ ಕಪ್ಪು ಮೊನೆಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತನ್ನಿ. ಯಾವ ಜೋಡಣೆ ದಾಟಿದಾಗ ಅಂಕಿ ದಿಢೀರನೆ ಇಳಿಯಿತೋ ಅದೇ ಅಪರಾಧಿ. ಒಂದು ಒಳ್ಳೆಯ ಜೋಡಣೆಯಲ್ಲಿ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು.

ಇದೇ ಪರೀಕ್ಷೆ ನೆಗೆಟಿವ್ ಕಡೆಯೂ ಆಗಬೇಕು: ಬ್ಯಾಟರಿಯ ನೆಗೆಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ಬಾಡಿಗೆ. ಹೆಚ್ಚಿನವರು ಬಿಡುವುದು ಇದನ್ನೇ, ಹೆಚ್ಚಿನ ಸಲ ದೋಷ ಇರುವುದೂ ಇಲ್ಲೇ. ಎಂಜಿನ್ನಿನಿಂದ ಷಾಸಿಗೆ ಬರುವ ಅರ್ಥ್ ಪಟ್ಟಿ ಬಣ್ಣದ ಮೇಲೆ, ತುಕ್ಕಿನ ಮೇಲೆ ಕೂತಿರುತ್ತದೆ. ರಬ್ಬರ್ ಮೌಂಟಿಂಗ್ ಮೇಲೆ ಎಂಜಿನ್ ಅಲುಗಾಡುವಾಗ ಪಟ್ಟಿ ಒಮ್ಮೆ ಹತ್ತುತ್ತದೆ, ಒಮ್ಮೆ ಬಿಡುತ್ತದೆ. ಆ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿನಿಂದ ಗ್ರೀಸ್ ಹಚ್ಚಿ.

ಬ್ಯಾಟರಿ ಮೇನ್ ಸ್ವಿಚ್ಚಿನ ಎರಡು ಸ್ಟಡ್‌ಗಳ ನಡುವೆಯೂ ಹೀಗೆಯೇ ಅಳೆಯಿರಿ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದ್ದರೆ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿದಾಗ ಲಾರಿ ಎದ್ದುಬಿಡುತ್ತದೆ. ಚಾಲಕರು ಇದನ್ನೊಂದು ಉಪಾಯವೆಂದು ಹೇಳಿಕೊಳ್ಳುತ್ತಾರೆ, ಅದನ್ನು ದೋಷದ ಲಕ್ಷಣವೆಂದು ಬರೆದುಕೊಳ್ಳಿ. ಕೇಬಲ್ ತುದಿಯ ಲಗ್ ಹತ್ತಿರ ಇನ್ಸುಲೇಶನ್ ಉಬ್ಬಿದ್ದರೆ, ಮುಟ್ಟಿದರೆ ಗರಗರ ಎಂದರೆ, ಒಳಗಿನ ತಾಮ್ರ ಹಸಿರು ಪುಡಿಯಾಗಿದೆ. ಲಗ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಆ ಕೊಳೆ ಎಳೆಗಳ ನಡುವೆ ಬಹಳ ಒಳಗೆ ಹೋಗಿರುತ್ತದೆ.

ಟಕಟಕ ಸದ್ದಿಗೆ ಕಾರಣವೂ ಇದೇ ನಷ್ಟ. ಸೊಲೆನಾಯ್ಡ್‌ನಲ್ಲಿ ಎರಡು ಸುರುಳಿಗಳಿವೆ. ಒಂದು ಪ್ಲಂಜರನ್ನು ಎಳೆಯಲು, ಇನ್ನೊಂದು ಎಳೆದದ್ದನ್ನು ಹಿಡಿದಿಡಲು. ಮುಖ್ಯ ಕಾಂಟ್ಯಾಕ್ಟ್ ಕೂಡಿದ ಕೂಡಲೇ ಎಳೆಯುವ ಸುರುಳಿಯ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಂದು ಅದು ಕೆಲಸ ನಿಲ್ಲಿಸುತ್ತದೆ. ಅದೇ ಕ್ಷಣ ಮೋಟಾರ್ ನೂರಾರು ಆಂಪಿಯರ್ ಎಳೆದು ವೋಲ್ಟೇಜ್ ಕುಸಿಯುತ್ತದೆ, ಹಿಡಿದಿಡುವ ಸುರುಳಿಗೆ ಬಲ ಸಾಲದೆ ಪ್ಲಂಜರ್ ಜಾರುತ್ತದೆ, ಕಾಂಟ್ಯಾಕ್ಟ್ ಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಟಕಟಕ ಕೇಳಿದರೆ ಬ್ಯಾಟರಿ ಮತ್ತು ಕೇಬಲ್ ಪರೀಕ್ಷೆ ಮುಗಿಸದೆ ಸೆಲ್ಫ್ ಮೋಟಾರ್ ಇಳಿಸಬೇಡಿ.

ಸದ್ದೇ ಇಲ್ಲದಿದ್ದಾಗ: ಬಲ್ಬ್ ಕಟ್ಟಿ ಕಾಯುವುದು

ಕೀಯಿಂದ ಸೊಲೆನಾಯ್ಡ್‌ವರೆಗೆ ಹೋಗುವ ದಾರಿ ಉದ್ದ: ಫ್ಯೂಸ್, ಕೀ ಸ್ವಿಚ್, ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಹೊಸ ಲಾರಿಗಳಲ್ಲಿ ಇಸಿಯುವಿನ ಅನುಮತಿ, ಕೆಲವು ಸೆಲ್ಫ್ ಮೋಟಾರುಗಳಲ್ಲಿ ಒಳಗಿನ ಥರ್ಮಲ್ ಸ್ವಿಚ್. ಇವುಗಳಲ್ಲಿ ಯಾವುದೇ ಒಂದು ಕ್ಷಣಕಾಲ ಬಿಟ್ಟರೂ ಲಾರಿ ಮೌನ. ನೀವು ಮೀಟರ್ ತರುವಷ್ಟರಲ್ಲಿ ಅದು ಮತ್ತೆ ಕೂಡಿಕೊಂಡಿರುತ್ತದೆ.

ಆದ್ದರಿಂದ ಮೂರು ಸಣ್ಣ ಬಲ್ಬ್‌ಗಳನ್ನು ಕ್ಯಾಬಿನ್ನಿನಲ್ಲಿ ಚಾಲಕರಿಗೆ ಕಾಣುವಂತೆ ಕಟ್ಟಿ. ಲಾರಿಯ ವೋಲ್ಟೇಜಿಗೆ ತಕ್ಕ 5 ವ್ಯಾಟ್ ಬಲ್ಬ್ ಸಾಕು, ಪ್ರತಿ ವಯರಿಗೂ 2 ಆಂಪಿಯರ್ ಫ್ಯೂಸ್ ಇರಲೇಬೇಕು. ಮೊದಲನೆಯದನ್ನು ಕೀ ಸ್ವಿಚ್ಚಿನ ಸ್ಟಾರ್ಟ್ ತಂತಿಗೆ, ಎರಡನೆಯದನ್ನು ನ್ಯೂಟ್ರಲ್ ಸ್ವಿಚ್ ದಾಟಿ ರಿಲೇ ಸುರುಳಿಗೆ ಬರುವ ತಂತಿಗೆ, ಮೂರನೆಯದನ್ನು ಸೊಲೆನಾಯ್ಡ್‌ನಲ್ಲಿ 50 ಎಂದು ಗುರುತಿರುವ ಟರ್ಮಿನಲ್‌ಗೆ ಜೋಡಿಸಿ. ಮೂರರ ಇನ್ನೊಂದು ತುದಿ ನೇರ ಬ್ಯಾಟರಿಯ ನೆಗೆಟಿವ್‌ಗೆ. ಇಸಿಯುವಿನಿಂದ ನೇರವಾಗಿ ಬರುವ ತಂತಿಗೆ ಮಾತ್ರ ಬಲ್ಬ್ ಕಟ್ಟಬಾರದು, ಅಲ್ಲಿ ಮೀಟರ್ ಅಥವಾ ಡಯಾಗ್ನೋಸ್ಟಿಕ್ ಸ್ಕ್ಯಾನರ್ ಬಳಸಿ.

ಇನ್ನು ಲಾರಿ ತನ್ನ ಪಾಡಿಗೆ ಓಡಲಿ. ಕೈಕೊಟ್ಟ ದಿನ ಚಾಲಕರು ಹೇಳಬೇಕಾದ್ದು ಇಷ್ಟೇ: ಯಾವ ಬಲ್ಬ್ ಹತ್ತಿತು, ಪ್ರಕಾಶಮಾನವಾಗಿತ್ತೇ ಮಂಕಾಗಿತ್ತೇ. ಒಂದೂ ಹತ್ತದಿದ್ದರೆ ಕೀ ಸ್ವಿಚ್ ಅಥವಾ ಅದಕ್ಕೆ ಬರುವ ಕರೆಂಟು. ಮೊದಲನೆಯದು ಮಾತ್ರ ಹತ್ತಿದರೆ ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್. ಮೊದಲ ಎರಡು ಹತ್ತಿದರೆ ರಿಲೇ, ರಿಲೇಯ ಸಾಕೆಟ್, ಅದರ ಅರ್ಥ್ ಅಥವಾ ಅಲ್ಲಿಂದ ಮುಂದಿನ ವಯರು. ಮೂರೂ ಪ್ರಕಾಶಮಾನವಾಗಿ ಹತ್ತಿಯೂ ಮೌನವಾದರೆ ದೋಷ ಸೊಲೆನಾಯ್ಡ್‌ನಲ್ಲಿ ಅಥವಾ ಸೆಲ್ಫ್ ಮೋಟಾರಿನ ಅರ್ಥ್‌ನಲ್ಲಿ. ಮೂರನೆಯದು ಮಂಕಾಗಿ ಹತ್ತಿದರೆ ದಾರಿಯಲ್ಲಿ ಎಲ್ಲೋ ತಡೆಯಿದೆ. ಸೊಲೆನಾಯ್ಡ್ ಸುರುಳಿ ಅದೇ ತಂತಿಯಿಂದ ಜೋರಾಗಿ ಕರೆಂಟು ಎಳೆಯುವುದರಿಂದ ಆ ಬಲ್ಬ್ ತೋರುವುದು ನಿಜವಾದ ವೋಲ್ಟೇಜನ್ನೇ.

ರಿಲೇ ಬದಲಿಸಿದರೂ ದೋಷ ಹೋಗದಿದ್ದರೆ ಸಾಕೆಟ್ಟಿನ ಒಳಗಿನ ಹಿತ್ತಾಳೆ ಕಚ್ಚುಗಳು ಸಡಿಲವಾಗಿವೆಯೇ ನೋಡಿ. ಕನೆಕ್ಟರುಗಳನ್ನು ಹಿಂಬದಿಯಿಂದ ಮೊನೆ ತೂರಿಸಿ ಅಳೆಯಬೇಕು. ವಯರಿನ ಇನ್ಸುಲೇಶನ್ ಚುಚ್ಚಿದರೆ ಆ ತೂತಿನಿಂದ ನೀರು ಹೋಗಿ ಮುಂದೊಂದು ದಿನ ಅಲ್ಲೇ ಹೊಸ ದೋಷ ಹುಟ್ಟುತ್ತದೆ.

ಆಟೋಮೇಟೆಡ್ ಗೇರ್‌ಬಾಕ್ಸ್ ಇರುವ ಲಾರಿಯನ್ನು ಗೇರಿನಲ್ಲೇ ನಿಲ್ಲಿಸಿದ್ದು, ರಾತ್ರಿ ಏರ್ ಟ್ಯಾಂಕ್ ಖಾಲಿಯಾದರೆ ಗೇರ್‌ಬಾಕ್ಸ್ ನ್ಯೂಟ್ರಲ್‌ಗೆ ಬರಲಾಗದೆ ಸೆಲ್ಫ್ ಹೊಡೆಯಲು ಇಸಿಯು ಬಿಡದಿರಬಹುದು. ಇಲ್ಲಿ ಹುಡುಕಬೇಕಾದದ್ದು ಗಾಳಿ ಸೋರುವ ಜಾಗವನ್ನು.

ಸೆಲ್ಫ್ ಮೋಟಾರ್ ಮತ್ತು ರಿಂಗ್ ಗೇರ್

ಕಟ್ ಎಂದು ಗಟ್ಟಿಯಾದ ಒಂದೇ ಸದ್ದು ಬಂದು ಎಂಜಿನ್ ತಿರುಗದಿದ್ದರೆ ಸೊಲೆನಾಯ್ಡ್‌ನ ಮೋಟಾರ್ ಕಡೆಯ ಸ್ಟಡ್‌ನಲ್ಲಿ ವೋಲ್ಟೇಜ್ ನೋಡಿ. ಕೇಬಲ್ ಕಡೆ 24 ಇದ್ದು ಮೋಟಾರ್ ಕಡೆ ಏನೂ ಇಲ್ಲದಿದ್ದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಗುಳಿಬಿದ್ದಿದೆ. ಬಿಲ್ಲೆ ತಿರುಗುತ್ತಿರುವುದರಿಂದ ಒಳ್ಳೆಯ ಭಾಗ ಎದುರಾದಾಗ ಲಾರಿ ಏಳುತ್ತದೆ. ಮೋಟಾರ್ ಕಡೆಗೂ ವೋಲ್ಟೇಜ್ ಬಂದು ತಿರುಗದಿದ್ದರೆ ಕಾರ್ಬನ್ ಬ್ರಶ್ ಸವೆದಿದೆ ಅಥವಾ ಆರ್ಮೇಚರ್ ಕೆಟ್ಟಿದೆ.

ಎಂಜಿನ್ನಿನ ಫ್ಲೈವೀಲ್ ಸುತ್ತಲಿನ ಹಲ್ಲಿನ ಬಳೆಯಾದ ರಿಂಗ್ ಗೇರಿನ ದೋಷಕ್ಕೆ ಒಂದು ಸೊಗಸಾದ ಪರೀಕ್ಷೆಯಿದೆ. ಆರು ಸಿಲಿಂಡರಿನ ಎಂಜಿನ್ ಕಂಪ್ರೆಷನ್ ಒತ್ತಡದಿಂದಾಗಿ ನಿಲ್ಲುವುದು ಸಾಮಾನ್ಯವಾಗಿ ಮೂರೇ ಸ್ಥಾನಗಳಲ್ಲಿ. ಸೆಲ್ಫ್ ಮೋಟಾರಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್ ಪ್ರತಿ ಸಲ ಅಲ್ಲೇ ಬಡಿದು ಆ ಹಲ್ಲುಗಳು ಮಾತ್ರ ಸವೆಯುತ್ತವೆ. ಕ್ರ್ಯಾಂಕ್ ಪುಲ್ಲಿಯ ಮೇಲೆ ಗುರುತು ಹಾಕಿ, ಕೈಕೊಟ್ಟ ಪ್ರತಿ ಸಲವೂ ಅದು ಎಲ್ಲಿದೆ ಎಂದು ಬರೆದುಕೊಳ್ಳಿ. ಪ್ರತಿ ಸಲವೂ ಒಂದೇ ಜಾಗವಾದರೆ ರಿಂಗ್ ಗೇರ್, ಬೇರೆಬೇರೆಯಾದರೆ ಸೆಲ್ಫ್ ಮೋಟಾರ್.

ಬಿಸಿ ಎಂಜಿನ್ನಿನಲ್ಲಿ ಮೌನವಾಗಿ, ಅರ್ಧ ಗಂಟೆ ಬಿಟ್ಟರೆ ಏಳುವ ಲಾರಿಯಲ್ಲಿ ಥರ್ಮಲ್ ಸ್ವಿಚ್ ನೋಡಿ. ತಣ್ಣಗಿದ್ದಾಗ ಅದರ ಎರಡು ಟರ್ಮಿನಲ್‌ಗಳ ನಡುವೆ ತಡೆ ಸೊನ್ನೆಯ ಹತ್ತಿರ ಇರಬೇಕು. ಅದು ತೆರೆದುಕೊಳ್ಳುವುದು ತಪ್ಪಲ್ಲ, ಅದಿರುವುದೇ ಮೋಟಾರ್ ಸುಡದಂತೆ ಕಾಯಲು. ಒಂದೇ ಸಮ 30 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಎರಡು ನಿಮಿಷ ಬಿಡಬೇಕು.

ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಚಳಿಯಲ್ಲಿ ಇಂಟೇಕ್ ಹೀಟರ್ ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ. ಹೀಟರ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆದರೆ ಇಂಟೇಕಿನಲ್ಲೇ ಸ್ಫೋಟವಾಗಬಹುದು.

ಸ್ಕ್ಯಾನರಿನಲ್ಲಿ ಎಂಜಿನ್ ವೇಗ, ರೈಲ್ ಪ್ರೆಷರ್ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯೊಳಗಿನ ಒತ್ತಡ), ಇಸಿಯುವಿಗೆ ಸಿಗುವ ವೋಲ್ಟೇಜ್, ಈ ಮೂರನ್ನು ಒಟ್ಟಿಗೆ ನೋಡಿ. ಎಂಜಿನ್ ತಿರುಗುತ್ತಿದ್ದರೂ ವೇಗ ಸೊನ್ನೆ ತೋರಿದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವಯರಿಂಗ್. ಎಂಜಿನ್ ನಿಲ್ಲಿಸಿದ ಮೇಲಿನ ಕೆಲವು ನಿಮಿಷ ಎಂಜಿನ್ ಸುತ್ತಲಿನ ಶಾಖ ಇನ್ನೂ ಏರುತ್ತದೆ. ಓಡುವಾಗ ಸರಿಯಿದ್ದು, ಹದಿನೈದು ನಿಮಿಷ ನಿಂತು ಹೊರಡುವಾಗ ಕೈಕೊಡುವ ಸೆನ್ಸರಿಗೆ ಇದೇ ಕಾರಣ. ಸೆನ್ಸರ್ ಬಿಚ್ಚಿ ತುದಿಯಲ್ಲಿ ಕಬ್ಬಿಣದ ಪುಡಿ ಅಂಟಿದೆಯೇ ನೋಡಿ.

ಕಾಮನ್ ರೈಲ್ ಎಂಜಿನ್ನಿನಲ್ಲಿ ರೈಲ್ ಪ್ರೆಷರ್ ಒಂದು ಮಟ್ಟ ಮುಟ್ಟದೆ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ. ಎಂಜಿನ್ನಿಗೆ ತಕ್ಕಂತೆ ಇದು 150ರಿಂದ 300 ಬಾರ್ ಇರುತ್ತದೆ. ತಣ್ಣಗಿದ್ದಾಗ ಬೇಗ ಏರಿ, ಬಿಸಿಯಾದಾಗ ಏರದಿದ್ದರೆ ಇಂಜೆಕ್ಟರುಗಳ ರಿಟರ್ನ್ (ಉರಿಯದೆ ಟ್ಯಾಂಕಿಗೆ ಹಿಂತಿರುಗುವ ಡೀಸೆಲ್) ಅಳೆಯಬೇಕು; ಬಿಸಿ ಡೀಸೆಲ್ ತೆಳುವಾಗಿ ಸವೆದ ಭಾಗಗಳ ಸಂದಿಯಿಂದ ಜಾರಿಹೋಗುತ್ತದೆ. ಎಂಜಿನ್ ಓಡುವಾಗ ಹೈ ಪ್ರೆಷರ್ ಪೈಪಿನ ನಟ್ ಎಂದೂ ಸಡಿಲಿಸಬೇಡಿ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಬೆಳಿಗ್ಗೆ ಬಹಳ ಹೊತ್ತು ತಿರುಗಿಸಿದ ಮೇಲೆ ಏಳುವ ಲಾರಿ ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿರುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಹೀರುವಿಕೆ ಇರುವುದರಿಂದ ಅಲ್ಲಿನ ಬಿರುಕಿನಿಂದ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಹನಿಯುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿದೆ ಎಂದು ಲೀಕ್ ಇಲ್ಲವೆನ್ನಬೇಡಿ. ಟ್ಯಾಂಕ್ ತುಂಬಿದ್ದಾಗ ಸರಿಯಿದ್ದು, ಅರ್ಧಕ್ಕಿಂತ ಕೆಳಗಿಳಿದಾಗ ಕೈಕೊಟ್ಟರೆ ಟ್ಯಾಂಕಿನೊಳಗಿನ ಹೀರು ಕೊಳವೆಯಲ್ಲೇ ಬಿರುಕಿರಬಹುದು. ಫೀಡ್ ಪಂಪಿನ ಮುಂಚೆ ಒಂದಡಿ ಪಾರದರ್ಶಕ ಡೀಸೆಲ್ ಹೋಸ್ ಹಾಕಿ ಗುಳ್ಳೆ ಬರುತ್ತಿದೆಯೇ ನೋಡಿ. ಶುದ್ಧವಾದ ಕ್ಯಾನಿನಿಂದ ನೇರ ಡೀಸೆಲ್ ಕೊಟ್ಟಾಗ ಗುಳ್ಳೆ ನಿಂತರೆ ದೋಷ ಟ್ಯಾಂಕಿನ ಕಡೆಗೆ. ನಿಲ್ಲದಿದ್ದರೆ ಹೋಸ್‌ನ ಮುಂಚೆ ಉಳಿದಿರುವ ಫಿಲ್ಟರಿನ ರಬ್ಬರ್ ರಿಂಗ್, ಹ್ಯಾಂಡ್ ಪ್ರೈಮರ್, ನೀರು ಬೇರ್ಪಡಿಸುವ ಬೌಲ್ ಇವನ್ನು ನೋಡಿ. ಗುಳ್ಳೆಯೇ ಇಲ್ಲದೆ, ರಾತ್ರಿ ನಿಂತ ಮೇಲೆ ಹ್ಯಾಂಡ್ ಪ್ರೈಮರ್ ಒತ್ತಿದ ಕೂಡಲೇ ಏಳುವಂತಿದ್ದರೆ ಡೀಸೆಲ್ ಟ್ಯಾಂಕಿಗೆ ಹಿಂತಿರುಗದಂತೆ ತಡೆಯುವ ವಾಲ್ವ್ ಸೋರುತ್ತಿದೆ.

ಇನ್ನೊಂದು ಸಂಗತಿ ಬ್ಯಾಟರಿಯನ್ನೂ ಈ ಗುಂಪಿಗೆ ಎಳೆದು ತರುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತೀರ ಕುಸಿದರೆ ಎಂಜಿನ್ ತಿರುಗುತ್ತಿರುವಾಗಲೇ ಇಸಿಯು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಮತ್ತೆ ಮೊದಲಿನಿಂದ ಬೆಳಗುವುದು ಇದರ ಗುರುತು. ಅಳತೆಯನ್ನು ಬ್ಯಾಟರಿಯಲ್ಲಲ್ಲ, ಇಸಿಯು ಕನೆಕ್ಟರಿನ ಪವರ್ ಮತ್ತು ಅರ್ಥ್ ಪಿನ್ನುಗಳ ನಡುವೆ ತೆಗೆದುಕೊಳ್ಳಿ. ಇಸಿಯುವಿಗೆ ಬ್ಯಾಟರಿಯಿಂದಲೇ ಪ್ರತ್ಯೇಕ ವಯರು ಬರುವ ಲಾರಿಗಳಲ್ಲಿ ಆ ಫ್ಯೂಸ್ ಹೋಲ್ಡರ್ ಬ್ಯಾಟರಿಯ ಆಸಿಡ್ ಹಬೆಗೆ ತುಕ್ಕು ಹಿಡಿದಿರುತ್ತದೆ.

ದುರಸ್ತಿ ಮುಗಿದ ಮೇಲೆ ಅದೇ ವೋಲ್ಟೇಜ್ ಡ್ರಾಪ್ ಅಂಕಿಗಳನ್ನು ಮತ್ತೆ ತೆಗೆದು ಮೊದಲಿನದರ ಪಕ್ಕದಲ್ಲಿ ಬರೆಯಿರಿ. ದೋಷ ಬರುತ್ತಿದ್ದ ಸ್ಥಿತಿಯಲ್ಲೇ, ಅಂದರೆ ಬಿಸಿಯಲ್ಲೋ ತಣ್ಣಗೋ, ಅರ್ಧ ಟ್ಯಾಂಕಿನಲ್ಲೋ, ವಯರಿಂಗ್ ಮೇಲೆ ನೀರು ಚಿಮುಕಿಸಿಯೋ, ಪರೀಕ್ಷಿಸಿ. ಮೂರು ಬಲ್ಬ್‌ಗಳನ್ನು ಮೊದಲು ದೋಷ ಮರುಕಳಿಸುತ್ತಿದ್ದ ಅವಧಿಯ ಎರಡು ಪಟ್ಟಾದರೂ ಹಾಗೆಯೇ ಬಿಡಿ. ತೆಗೆಯುವಾಗ ಪ್ರತಿ ಜೋಡಣೆಯನ್ನೂ ಗಟ್ಟಿಯಾಗಿ ಮುಚ್ಚಿ, ಮೇಲೆ ಶಾಖಕ್ಕೆ ಕುಗ್ಗುವ ಅಂಟಿನ ತೋಳು ಹಾಕಿ.